ಚಳ್ಳಕೆರೆ ಮಿರ್ಚಿ, ಮೊಳಕಾಲ್ಮುರು ಒಗ್ಗಾಣಿ ಮತ್ತು ನಾನು ಬರೆದ ಒಂದು ಸುದ್ದಿ

ಸಂಜೆ ನಾಲ್ಕೂವರೆ ಹೊತ್ತಿಗೆ ಚಳ್ಳಕೆರೆಯ ಹಳೇ ಟೌನ್ ಕಡೆ ಬಂದರೆ ಮಿರ್ಚಿ ಗಾಡಿ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಿಲ್ಲ. ಮೂಗೇ ಕರಕೊಂಡು ಹೋಗುತ್ತದೆ. ಕಾದ ಎಣ್ಣೆಗೆ ಕಡ್ಲೆಹಿಟ್ಟು ಬಿದ್ದ ವಾಸನೆ, ಅದರ ಜತೆ ಓಂಕಾಳು. ಊಟ ಮಾಡಿ ಎರಡು ತಾಸು ಆಗಿರದಿದ್ದರೂ ಹೊಟ್ಟೆ ಸುಮ್ಮನಿರಲ್ಲ.

ನಾನು ನಿಲ್ಲೋದು ಒಬ್ಬ ಅಕ್ಕನ ಗಾಡಿ ಹತ್ತಿರ. ಅವರ ಹೆಸರು ಬರೆಯಲ್ಲ. ಗಾಡಿ ಯಾವ ಬಣ್ಣದ್ದು, ಯಾವ ಅಂಗಡಿ ಮುಂದೆ ನಿಲ್ಲುತ್ತದೆ ಅನ್ನೋದನ್ನೂ ಬರೆಯಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಅಕ್ಕ ಮಧ್ಯಾಹ್ನವೇ ಮನೆಯಲ್ಲಿ ಬಜ್ಜಿ ಮೆಣಸಿನಕಾಯಿ ಸೀಳಿ, ಒಳಗೆ ಉಪ್ಪು, ಜೀರಿಗೆ, ಓಂಕಾಳು, ಹುಣಸೆಹಣ್ಣು ಸೇರಿಸಿ ಅರೆದದ್ದನ್ನು ಸವರಿ ತಂದಿರ್ತಾರೆ. ಗಾಡಿಗೆ ಬಂದ ಮೇಲೆ ಹಿಟ್ಟು ಕಲಸೋದು. ತೊಟ್ಟು ಹಿಡಿದು ಹಿಟ್ಟಿನಲ್ಲಿ ಅದ್ದಿ, ಪಾತ್ರೆಯ ಅಂಚಿಗೆ ಒಂದು ಸಲ ಒರೆಸಿ, ಬಾಣಲೆಗೆ ಜಾರಿಸ್ತಾರೆ. ಆ ಒರೆಸೋದರಲ್ಲೇ ಇರೋದು ಗುಟ್ಟು. ಹಿಟ್ಟು ಜಾಸ್ತಿ ಉಳಿದರೆ ಒಳಗೆ ಹಸಿ ಉಳಿಯುತ್ತದೆ, ಎಣ್ಣೇನೂ ಕುಡಿಯುತ್ತದೆ. ಎಣ್ಣೆ ಕುಡಿದರೆ ಲಾಭ ಕುಡಿದ ಹಾಗೆ.

ಗಾಡಿಯ ಇನ್ನೊಂದು ಬದಿಗೆ ಮಂಡಕ್ಕಿ. ದಾವಣಗೆರೆ ಭಟ್ಟಿಯಿಂದ ಮೂಟೆಯಲ್ಲಿ ಬರೋದು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಮರಳಲ್ಲಿ ಹುರಿದರೆ ಅಕ್ಕಿ ಅರಳಿ ಮಂಡಕ್ಕಿ ಆಗುತ್ತದೆ. ಅಕ್ಕ ಅದನ್ನು ನೀರಿಗೆ ಹಾಕಿ ತಕ್ಷಣ ಹಿಂಡಿ ತೆಗೀತಾರೆ. ಒಂದು ಚೂರು ಹೊತ್ತು ಜಾಸ್ತಿ ಬಿಟ್ಟರೂ ಅನ್ನ ಆಗಿಬಿಡುತ್ತದೆ. ಸಾಸಿವೆ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನದ ಒಗ್ಗರಣೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿದರೆ ಮಂಡಕ್ಕಿ ಒಗ್ಗರಣೆ. ಪಕ್ಕದಲ್ಲಿ ಮಿರ್ಚಿ ಇಲ್ಲದಿದ್ದರೆ ನಮ್ಮೂರಲ್ಲಿ ಅದನ್ನು ಪ್ಲೇಟ್ ಅಂತ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ.

ಗಿರಾಕಿಗಳು ಎಲ್ಲ ಥರದವರೂ. ಮಂಡಿ ಹಮಾಲರು, ಕಾಲೇಜು ಹುಡುಗರು, ಕಂಬಳಿ ಮಾರೋಕೆ ಬಂದವರು, ಬಸ್ಸಿಗೆ ಇನ್ನೂ ಅರ್ಧ ತಾಸು ಐತೆ ಅಂತ ಬಂದವರು. ನಾಯಕನಹಟ್ಟಿ ಕಡೆಯಿಂದ ಬರುವ ಕೆಲವು ಹಿರಿಯರು ಕೈ ಚಾಚೋಕೆ ಮುಂಚೆ ಒಂದು ಮಾತು ಕೇಳ್ತಾರೆ: "ಅವ್ವಾ, ಈ ಎಣ್ಣೇಲಿ ಮೊಟ್ಟೆ ಬೋಂಡ ಏನೂ ಕರಿದಿಲ್ಲ ತಾನೆ?" ಮ್ಯಾಸಬೇಡರ ಹಟ್ಟಿಗಳಲ್ಲಿ ಕೋಳಿ ಸಾಕೋದಿಲ್ಲ, ತಿನ್ನೋದಿಲ್ಲ ಅನ್ನೋ ಕಟ್ಟು ಹಿಂದಿನಿಂದ ಬಂದದ್ದು. ಹೊಸ ಹುಡುಗರು ಹೇಗಿದ್ದಾರೋ ಬೇರೆ ಮಾತು, ಹಿರಿಯರು ಇವತ್ತೂ ಪಾಲಿಸ್ತಾರೆ. ಅಕ್ಕನ ಉತ್ತರ ಯಾವಾಗಲೂ ಒಂದೇ: "ಇಲ್ಲ ಕಣಜ್ಜ, ಬರೀ ಮೆಣಸಿನಕಾಯೇ." ಅಜ್ಜ ನಂಬಿ ತಿಂತಾರೆ.

ನೋಡಿ, ಅಜ್ಜ ಕೇಳಿದ್ದು ಮಿರ್ಚಿ ಬಗ್ಗೆ ಅಲ್ಲ, ಎಣ್ಣೆ ಬಗ್ಗೆ. ಈ ಗಾಡಿಯ ಮುಂದೆ ನಿಂತು ನಾನು ಕಲಿತದ್ದೂ ಎಣ್ಣೆ ಬಗ್ಗೆಯೇ.

ಚಳ್ಳಕೆರೆಗೆ ಎಣ್ಣೆ ನಗರ ಅನ್ನೋ ಹೆಸರು ಇರೋದು ನಿಮಗೆಲ್ಲ ಗೊತ್ತು. ಎಣ್ಣೆ ವ್ಯಾಪಾರದಲ್ಲಿ ಮುಂಬೈ ಬಿಟ್ಟರೆ ಚಳ್ಳಕೆರೆ, ಇದು ಎರಡನೇ ಮುಂಬೈ ಅಂತ ನಮ್ಮ ದೊಡ್ಡವರು ಎದೆ ಉಬ್ಬಿಸಿ ಹೇಳೋರು. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಇಲ್ಲಿ ರೈತನ ಕೈ ಹಿಡಿದದ್ದು ಶೇಂಗಾ. ಶೇಂಗಾ ಇದ್ದ ಕಡೆ ಮಿಲ್ಲು. ನಮ್ಮಪ್ಪ ಅಂಥ ಒಂದು ಮಿಲ್ಲಿನಲ್ಲಿ ಹಮಾಲಿ ಮಾಡ್ತಿದ್ದರು. ಕಾಯಿ ಸಿಪ್ಪೆ ಬಿಡಿಸೋದು, ಬೀಜಕ್ಕೆ ಹಬೆ ಕೊಡೋದು, ಎಕ್ಸ್‌ಪೆಲ್ಲರಿಗೆ ಹಾಕೋದು, ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಹಿಂಡಿ. ನೂರು ಕೆ.ಜಿ. ಬೀಜಕ್ಕೆ ನಲವತ್ತು ಕೆ.ಜಿ. ಆಸುಪಾಸು ಎಣ್ಣೆ ಅಂತ ಅಪ್ಪ ಬಾಯಲ್ಲೇ ಲೆಕ್ಕ ಹೇಳೋರು. ಅವರ ಅಂಗಿಯನ್ನು ಅವ್ವ ಬಿಸಿನೀರಲ್ಲಿ ಎಷ್ಟು ಸಲ ಒಗೆದರೂ ಶೇಂಗಾ ಎಣ್ಣೆ ವಾಸನೆ ಹೋಗ್ತಿರಲಿಲ್ಲ. ಶನಿವಾರ ಬಟವಾಡೆ. ಅವತ್ತು ಪೇಪರಿನಲ್ಲಿ ಸುತ್ತಿದ ಮಿರ್ಚಿ ಮನೆಗೆ ಬರೋದು. ಪೇಪರ್ ಬಿಚ್ಚಿದರೆ ಬರುತ್ತಿದ್ದ ವಾಸನೆಯೂ ಅಪ್ಪನ ಅಂಗಿ ವಾಸನೆಯೂ ಒಂದೇ.

ಆ ವಾಸನೆ ಈಗಿನ ಮಿರ್ಚಿಯಲ್ಲಿ ಇಲ್ಲ. ಎಣ್ಣೆ ನಗರದ ಬಾಣಲೆಯಲ್ಲಿ ಈಗ ಕುದಿಯೋದು ತಾಳೆ ಎಣ್ಣೆ. ಪಾಮೋಲಿನ್. ಗಾಡಿಯವರ ಬಾಯಲ್ಲಿ ಬರೀ "ಪಾಮು".

ಇದು ಒಂದು ದಿನಕ್ಕೆ ಆದದ್ದಲ್ಲ. 1994ರಲ್ಲಿ ಪಾಮೋಲಿನ್ ಆಮದಿಗೆ ಕೇಂದ್ರ ಸರ್ಕಾರ ಬಾಗಿಲು ತೆರೆಯಿತು. ಇಂಡೋನೇಷ್ಯಾ, ಮಲೇಷ್ಯಾದಿಂದ ಹಡಗಿನಲ್ಲಿ ಬಂದ ಎಣ್ಣೆ, ನಮ್ಮ ಊರಿನ ಮಿಲ್ಲಿನಿಂದ ನಮ್ಮದೇ ಬೀದಿಗೆ ಬಂದ ಎಣ್ಣೆಗಿಂತ ಸೋವಿ ಆಯಿತು. ಈಗ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಒಂದೊಂದಾಗಿ ಮಿಲ್ಲುಗಳು ಬಾಗಿಲು ಹಾಕಿದವು. ಮಳೆ ಕೈಕೊಟ್ಟದ್ದೂ ಸೇರಿತು. ಅಪ್ಪನ ಮಿಲ್ಲಿನ ಜಾಗದಲ್ಲಿ ಈಗ ಗೋಡೌನ್ ಐತೆ.

ಇಷ್ಟೆಲ್ಲ ಗೊತ್ತಿದ್ದ ನಾನು 2019ರ ಬೇಸಿಗೆಯಲ್ಲಿ ಮಾಡಿದ ಕೆಲಸ ಈಗ ಹೇಳ್ತೀನಿ.

ನಾನು ಸ್ಟ್ರಿಂಗರ್. ಅಚ್ಚಾದ ಸುದ್ದಿಗೆ ಇಷ್ಟು ಅಂತ ಕಾಸು. ಅಚ್ಚಾಗದಿದ್ದರೆ ಪೆಟ್ರೋಲ್ ನಮ್ಮದೇ. ಆ ವಾರ ಒಂದೂ ಸುದ್ದಿ ಅಚ್ಚಾಗಿರಲಿಲ್ಲ. ವಾಟ್ಸಾಪಿನಲ್ಲಿ ಒಂದು ಪ್ರೆಸ್ ನೋಟ್ ಬಂತು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಬಾರದು ಅನ್ನೋ ವಿಚಾರ. ವಿಚಾರವೇನೋ ಸರಿ. ಎಣ್ಣೆಯನ್ನು ಪದೇ ಪದೇ ಕಾಯಿಸಿದರೆ ಅದರಲ್ಲಿ ಕೆಟ್ಟ ವಸ್ತುಗಳು ಹುಟ್ಟುತ್ತವೆ. ಅವುಗಳ ಒಟ್ಟು ಪ್ರಮಾಣ ಶೇ 25 ದಾಟಿದರೆ ಆ ಎಣ್ಣೆಯಲ್ಲಿ ಕರಿಯುವಂತಿಲ್ಲ ಅಂತ ಆಹಾರ ಸುರಕ್ಷತೆ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಗೆ ಬಂದಿತ್ತು. ಅದನ್ನು ಅಳೆಯೋಕೆ ಮೀಟರ್ ಬೇಕು. ಮೀಟರ್ ಇಲ್ಲದ ನಮ್ಮಂಥವರಿಗೆ ಗುರುತು ಅಂದರೆ ಎಣ್ಣೆ ಕಪ್ಪಾಗೋದು, ಮಂದ ಆಗೋದು, ನೊರೆ ಬರೋದು, ಸ್ವಲ್ಪ ಕಾದರೂ ಹೊಗೆ ಏಳೋದು.

ನೋಟ್ ಜತೆ ಫೋಟೋ ಇದ್ದರೆ ಜಾಗ ಸಿಗುತ್ತದೆ. ರಾತ್ರಿ ಒಂಬತ್ತರ ಹೊತ್ತಿಗೆ ಬೈಕಿನಲ್ಲಿ ಬರ್ತಾ ಇದ್ದೆ. ಒಂದು ಗಾಡಿ ಪಕ್ಕ ನೆಲದ ಮೇಲೆ ತಗಡಿನ ಡಬ್ಬಿ. ಒಳಗೆ ಟಾರಿನ ಹಾಗೆ ಕಪ್ಪು ಎಣ್ಣೆ. ರಸ್ತೆಯ ಈ ಕಡೆಯಿಂದಲೇ ಮೊಬೈಲ್ ಜೂಮ್ ಮಾಡಿ ತೆಗೆದೆ. ಗಾಡಿಯೂ ಬಂತು, ಡಬ್ಬಿಯೂ ಬಂತು. ಗಾಡಿಯವರನ್ನು ಒಂದು ಮಾತು ಕೇಳಲಿಲ್ಲ. ಡಿಪ್ಲೊಮಾ ಓದುವಾಗ "ಇನ್ನೊಂದು ಕಡೆಯವರ ಮಾತು ಕೇಳದೆ ಸುದ್ದಿ ಬರೆಯಬೇಡಿ" ಅಂತ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದಿದ್ದರು. ಆ ಪೇಪರಿನಲ್ಲಿ ನನಗೆ ಒಳ್ಳೇ ಅಂಕವೂ ಬಂದಿತ್ತು.

ಸುದ್ದಿ ಮೂರು ಕಾಲಂ ಬಂತು. ಬೀದಿ ಬದಿ ತಿನಿಸು ಆರೋಗ್ಯಕ್ಕೆ ಕುತ್ತು ಅನ್ನೋ ಥರದ ತಲೆಬರಹ. ನನ್ನ ಹೆಸರಿರಲಿಲ್ಲ. ಸ್ಟ್ರಿಂಗರಿಗೆ ಬೈಲೈನ್ ಎಲ್ಲಿಂದ ಬರಬೇಕು? ದುಡ್ಡು ಬಂತು, ಮರೆತೆ.

ಮತ್ತೆ ಆ ಗಾಡಿ ಹತ್ತಿರ ನಾನು ಹೋದದ್ದು 2022ರ ಏಪ್ರಿಲ್ ಕೊನೆಗೆ. ಅದೂ ಬಾಯಿ ಚಪಲಕ್ಕಲ್ಲ, ಸುದ್ದಿಗೆ. ಇಂಡೋನೇಷ್ಯಾ ಸರ್ಕಾರ ಏಪ್ರಿಲ್ 28ರಿಂದ ತಾಳೆ ಎಣ್ಣೆ ರಫ್ತು ನಿಲ್ಲಿಸಿತ್ತು. ಅದಕ್ಕೂ ಮುಂಚೆ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ಮೇಲೇರಿತ್ತು. ಡೆಸ್ಕಿನಿಂದ ಫೋನ್: "ಎಣ್ಣೆ ನಗರದಲ್ಲೇ ಎಣ್ಣೆ ತುಟ್ಟಿ ಅಂತ ಒಂದು ಲೋಕಲ್ ಸ್ಟೋರಿ ಕೊಡ್ರಿ."

ಅಕ್ಕನ ಗಾಡಿ ಮುಂದೆ ನಿಂತು ಪೆನ್ನು ತೆಗೆದೆ. ಅವರು ನನ್ನ ಕೈಯಲ್ಲಿದ್ದ ಪೆನ್ನು ನೋಡಿದರು, ಆಮೇಲೆ ಮುಖ ನೋಡಿದರು.

"ಪೇಪರ್‌ನೋನಾ ನೀನು?"

ಹೌದಕ್ಕ ಅಂದೆ.

"ಫೋಟೋ ಗೀಟೋ ತೆಗೀಬ್ಯಾಡಪ್ಪ. ಒಂದು ಸಲ ತೆಗೆದು ಆಗೈತೆ."

ಆಮೇಲೆ ಹೇಳಿದರು. ಬಾಣಲೆಯಿಂದ ಕಣ್ಣು ತೆಗೆಯದೆ, ಯಾರದೋ ಮನೆ ಕತೆ ಹೇಳಿದ ಹಾಗೆ. ಮೂರು ವರ್ಷದ ಹಿಂದೆ ಯಾವನೋ ಫೋಟೋ ತೆಗೆದು ಪೇಪರಿಗೆ ಹಾಕಿದ್ದ. ಗಾಡಿಯ ಬಣ್ಣ ನೋಡಿಯೇ ಊರಿಗೆಲ್ಲ ಗೊತ್ತಾಯಿತು ಯಾರದು ಅಂತ. ಹಿಂದಿನ ಅಂಗಡಿಯವರು ಪೇಪರ್ ಹಿಡಿದುಕೊಂಡು ಬಂದು, "ನಮ್ಮ ಅಂಗಡಿ ಮುಂದೆ ಬ್ಯಾಡಮ್ಮ, ನಮಗೂ ಹೆಸರು ಕೆಡ್ತೈತೆ, ಗಾಡಿ ತೆಗಿ" ಅಂದರು. ಎರಡು ತಿಂಗಳು ಊರಿನ ಇನ್ನೊಂದು ತುದಿಯಲ್ಲಿ ನಿಂತರು. ಅಲ್ಲಿ ಗಿರಾಕಿ ಇಲ್ಲ. ಮಗಳು ಹತ್ತನೇ ಕ್ಲಾಸು, ಶಾಲೆಯಲ್ಲಿ ಹುಡುಗರು "ಕರೀ ಎಣ್ಣೆ" ಅಂತ ಕರೆದರಂತೆ. ಒಂದು ವಾರ ಶಾಲೆಗೆ ಹೋಗಲಿಲ್ಲ.

"ಆ ಡಬ್ಬಿ ಎಣ್ಣೆ ಕರಿಯೋಕಲ್ಲ ಕಣಪ್ಪ," ಅಂದರು. "ಉಳಿದ ಎಣ್ಣೆ ಅದರಾಗೆ ಸುರಿದು ಇಟ್ಟಿರ್ತೀನಿ. ಸೆಂಟ್ರಿಂಗ್ ಕೆಲಸದೋನು ವಾರಕ್ಕೊಂದು ಸಲ ಬಂದು ಒಯ್ತಾನೆ. ಹಲಗೆಗೆ ಹಚ್ಚಿದ್ರೆ ಕಾಂಕ್ರೀಟು ಅಂಟಲ್ಲ ಅಂತೆ. ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ."

ನನ್ನ ಕೈಯಲ್ಲಿ ಪ್ಲೇಟ್ ಇತ್ತು. ಮೂರು ಮಿರ್ಚಿಯಲ್ಲಿ ಒಂದು ತಿಂದಿದ್ದೆ. ಆ ಫೋಟೋ ತೆಗೆದವನು ನಾನೇ ಅಂತ ಅವತ್ತು ಹೇಳಲಿಲ್ಲ. ಬಾಯಿ ಬರಲಿಲ್ಲ. ಎಣ್ಣೆ ರೇಟು ಕೇಳಿ, ಬರಕೊಂಡು, ದುಡ್ಡು ಕೊಟ್ಟು ಬಂದೆ.

ಆ ರೇಟಿನ ಲೆಕ್ಕ ಇಲ್ಲಿ ಬರೀತೀನಿ, ಯಾಕಂದ್ರೆ ಅವತ್ತು ಪೇಪರಿನಲ್ಲಿ ಎರಡೇ ಸಾಲು ಬಂತು. ಲಾಕ್‌ಡೌನ್‌ಗಿಂತ ಮುಂಚೆ ಎಂಬತ್ತು ತೊಂಬತ್ತು ರೂಪಾಯಿಗೆ ಸಿಗುತ್ತಿದ್ದ ಪಾಮೋಲಿನ್ ಪ್ಯಾಕೆಟ್ ಆಗ ನೂರೈವತ್ತು ದಾಟಿತ್ತು. ಅಕ್ಕನಿಗೆ ದಿನಕ್ಕೆ ಮೂರು ಪ್ಯಾಕೆಟ್ ಹೊಸ ಎಣ್ಣೆ ಬೇಕು. ಅಂದರೆ ಎಣ್ಣೆಗೇ ದಿನಕ್ಕೆ ಇನ್ನೂರು ರೂಪಾಯಿ ಜಾಸ್ತಿ. ಒಳ್ಳೇ ದಿನ ಮನೆಗೆ ಒಯ್ಯೋದು ಐನೂರು ಆರುನೂರು. ಅದರಲ್ಲಿ ಇನ್ನೂರು ಹೋದರೆ? ಪ್ಲೇಟಿನ ರೇಟು ಏರಿಸಿದರೆ ಹಮಾಲರು ಪಕ್ಕದ ಗಾಡಿಗೆ ಹೋಗ್ತಾರೆ. ಹಾಗಾಗಿ ರೇಟು ಏರಿಸಲಿಲ್ಲ, ಮೆಣಸಿನಕಾಯಿ ಸಣ್ಣದು ತಂದರು. ಜಕಾರ್ತದಲ್ಲಿ ಮಾಡಿದ ಆದೇಶಕ್ಕೆ ಚಳ್ಳಕೆರೆಯಲ್ಲಿ ಮಿರ್ಚಿ ಅರ್ಧ ಬೆರಳು ಗಿಡ್ಡ ಆಯಿತು. ಇಂಡೋನೇಷ್ಯಾ ಮೇ 23ಕ್ಕೆ ನಿಷೇಧ ತೆಗೆಯಿತು. ಮಿರ್ಚಿ ಮಾತ್ರ ಬೇಗ ಉದ್ದ ಆಗಲಿಲ್ಲ.

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ಆ ದಿನಗಳಲ್ಲಿ ಪಾಮು ಎಷ್ಟು ಏರಿತ್ತು ಅಂದರೆ, ಶೇಂಗಾ ಎಣ್ಣೆಗೂ ಅದಕ್ಕೂ ಬರೀ ಮೂವತ್ತು ನಲವತ್ತು ರೂಪಾಯಿ ಅಂತರ. ಅಕ್ಕ ಯೋಚನೆ ಮಾಡಿ ಒಂದು ವಾರ ಶೇಂಗಾ ಎಣ್ಣೆಯಲ್ಲೇ ಕರಿದರಂತೆ. "ಹಳೇ ಹಮಾಲರು ಇಬ್ಬರು ಮೂವರು, ಇದೇನವ್ವ ಇವತ್ತು ನಮ್ಮ ಕಾಲದ್ದು ಬಂದೈತೆ ಅಂತ ಇನ್ನೊಂದು ಪ್ಲೇಟ್ ತಿಂದ್ರು. ಕಾಲೇಜು ಹುಡುಗ್ರು ಏನೋ ವಾಸನೆ ಬರ್ತೈತೆ ಆಂಟಿ ಅಂದ್ರು." ಅದರ ಮೇಲೆ ಗಾಣದ ಎಣ್ಣೆ ಬೇಗ ನೊರೆ ಕಟ್ಟೋದು, ಬೇಗ ಬಣ್ಣ ತಿರುಗೋದು. ಒಂದೇ ವಾರಕ್ಕೆ ಬಿಟ್ಟರು.

ನಾನು ಹಳೇ ರುಚಿ ಹೋಯಿತು ಅಂತ ಮಿಲ್ಲಿನವರನ್ನು, ಸರ್ಕಾರವನ್ನು, ಹಡಗನ್ನು ಬೈಯುತ್ತಿದ್ದವನು. ಆ ರುಚಿ ವಾಪಸ್ ಬಂದಿದ್ದ ಆ ಒಂದು ವಾರ ನಾನು ಗಾಡಿ ಹತ್ತಿರವೇ ಹೋಗಿರಲಿಲ್ಲ. ಮುಖ ತೋರಿಸೋಕೆ ನಾಚಿಕೆ ಆಗಿ.

ಅದೇ ವರ್ಷ ದೀಪಾವಳಿ ಹಿಂದೆ ಮುಂದೆ ಮೊಳಕಾಲ್ಮುರಿಗೆ ಹೋಗಬೇಕಾಗಿ ಬಂತು. ರೇಷ್ಮೆ ಸೀರೆ ನೇಯುವವರ ಬಗ್ಗೆ ಒಂದು ಬರಹ. ಬೆಳಗಿನ ಬಸ್ಸು. ಚಳ್ಳಕೆರೆ ಬಿಟ್ಟರೆ ತಳುಕು, ಅದು ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರದಲ್ಲಿರುವ ತಳುಕು. ಮುಂದೆ ಹಾನಗಲ್ಲಿನ ಹತ್ತಿರ ಬಳ್ಳಾರಿ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಮೊಳಕಾಲ್ಮುರು. ಗುಂಡು ಬಂಡೆಗಳ ಬೆಟ್ಟ ಹಿಂದೆ ಇಟ್ಟುಕೊಂಡು ಕೂತ ಊರು. ಆಚೆ ಸ್ವಲ್ಪ ಹೋದರೆ ಆಂಧ್ರದ ರಾಯದುರ್ಗ.

ಈ ದಾರಿಯಲ್ಲಿ ಹೋಗ್ತಾ ಹೋಗ್ತಾ ಪ್ಲೇಟಿನಲ್ಲಿರೋದು ಬದಲಾಗಲ್ಲ, ಹೆಸರು ಬದಲಾಗುತ್ತದೆ. ನಮ್ಮಲ್ಲಿ ಮಂಡಕ್ಕಿ. ಬಳ್ಳಾರಿ ಸೀಮೆಯವರ ಬಾಯಲ್ಲಿ ಮಂಡಾಳು. ಗಡಿ ದಾಟಿದರೆ ಬೊರುಗುಲು. ನಮ್ಮ ಒಗ್ಗರಣೆ ಅಲ್ಲಿ ಒಗ್ಗಾಣಿ, ಇನ್ನೂ ಮುಂದೆ ಉಗ್ಗಾಣಿ. ಇದೇ ಮಂಡಕ್ಕಿ ಮೈಸೂರಿನವರಿಗೆ ಪುರಿ, ಧಾರವಾಡದವರಿಗೆ ಚುರುಮುರಿ. ಹೊತ್ತೂ ಬದಲಾಗುತ್ತದೆ. ನಮಗೆ ಅದು ಸಂಜೆ ಬಾಯಾಡಿಸೋ ತಿನಿಸು, ಅವರಿಗೆ ಬೆಳಗಿನ ನಾಷ್ಟಾ.

ಹಳೇ ಪೇಟೆಯ ನೇಕಾರರ ಬೀದಿಯಲ್ಲಿ ಏಳು ಗಂಟೆಗೇ ಮಗ್ಗದ ಸದ್ದು. ಮನೆ ಕಟ್ಟೆ ಮೇಲೆ ಒಬ್ಬ ಅಜ್ಜಿ ಒಗ್ಗಾಣಿ ಬಾಣಲೆ ಇಟ್ಟುಕೊಂಡು ಕೂತಿದ್ದರು. ಬೋರ್ಡಿಲ್ಲ, ಗಾಡಿಯಿಲ್ಲ. ಮಕ್ಕಳು ಮನೆಯಿಂದ ಡಬ್ಬಿ ತಂದು ಹಾಕಿಸಿಕೊಂಡು ಹೋಗ್ತಿದ್ದರು. ನನ್ನನ್ನು ನೋಡಿ ಅಜ್ಜಿ, "ರಾ ನಾಯನಾ, ಕೂಕೋ" ಅಂದರು. ನಾನು ಕನ್ನಡದಲ್ಲಿ ಮಾತಾಡಿದ ಮೇಲೆ ಅವರೂ ಕನ್ನಡಕ್ಕೆ ಬಂದರು. ಈ ಕಡೆ ಒಂದು ವಾಕ್ಯದಲ್ಲಿ ಎರಡೂ ಭಾಷೆ ಇರುತ್ತವೆ, ಯಾರಿಗೂ ತೊಂದರೆ ಇಲ್ಲ.

ಮೊದಲ ತುತ್ತಿಗೇ ಗೊತ್ತಾಯಿತು. ಅಪ್ಪನ ಅಂಗಿ.

"ಶೇಂಗಾ ಎಣ್ಣೆನಾ ಅಜ್ಜಿ?"

"ಹೂಂನಪ್ಪ. ಗಾಣದ್ದು."

ಹೇಗೆ ಪೂರೈಸುತ್ತದೆ ಅಂತ ಕೇಳಿದೆ. ಅಜ್ಜಿ ನಕ್ಕರು. "ಒಗ್ಗಾಣಿಗೆ ಎಷ್ಟು ಎಣ್ಣೆ ಬೇಕು? ಒಂದು ಬಾಣಲೆಗೆ ನಾಲ್ಕು ಸೌಟು. ಮಿರ್ಚಿಗೆ ಆದ್ರೆ ಬಾಣಲೆ ತುಂಬಾ ಬೇಕು. ಅದಕ್ಕೆ ಪಾಮೇ." ನೋಡಿದರೆ ಪಕ್ಕದ ಸಣ್ಣ ಬಾಣಲೆಯಲ್ಲಿ ಮಿರ್ಚಿ ಕರಿಯುತ್ತಿದ್ದದ್ದು ಪಾಮಿನಲ್ಲೇ. ಒಗ್ಗರಣೆಗೆ ಶೇಂಗಾ, ಕರಿಯೋಕೆ ಪಾಮು. ಇಷ್ಟು ಸಲೀಸಾದ ಲೆಕ್ಕ ನನಗೆ ಅಷ್ಟು ದಿನ ಹೊಳೆದಿರಲಿಲ್ಲ. ಹಳೇ ರುಚಿ ಎಲ್ಲಾ ಕಡೆ ಸತ್ತಿಲ್ಲ, ಎಣ್ಣೆ ಕಡಿಮೆ ಹಿಡಿಯುವ ಕಡೆ ಬದುಕಿಕೊಂಡಿದೆ.

ಆ ಬೀದಿಯಲ್ಲಿ ಇನ್ನೊಂದು ಗಮನಿಸಿದೆ. ಮಗ್ಗಕ್ಕೆ ಕೂರುವ ಮುಂಚೆ ತಿನ್ನುವವರು ಒಗ್ಗಾಣಿಯನ್ನು ಚಮಚದಲ್ಲಿ ತಿಂತಾರೆ, ಮಿರ್ಚಿ ಬೇಡ ಅಂತಾರೆ. ನಾನು ಮಾತಾಡಿಸಿದ ನೇಕಾರಣ್ಣ ಕೈ ತೋರಿಸಿದರು: "ಎಣ್ಣೆ ಕೈ ರೇಷ್ಮೆಗೆ ತಗಲಿದ್ರೆ ಕಲೆ ಸಾರ್. ಕಲೆ ಬಿದ್ರೆ ಸೀರೆ ವಾಪಸ್ಸು. ಮಿರ್ಚಿ ಏನಿದ್ರೂ ಸಂಜೆ ಮಗ್ಗದಿಂದ ಎದ್ದ ಮ್ಯಾಲೆ." ಭೌಗೋಳಿಕ ಸೂಚಿಕೆ ಸಿಕ್ಕಿರುವ ಸೀರೆ ಅದು. ಮಾರುವವರ ಅಂಗಡಿಯಲ್ಲಿ ಅದರ ರೇಟು ಬೇರೆ, ನೇಯುವವರ ಕೂಲಿ ಬೇರೆ. ಆ ಬರಹ ಬೇರೆಯೇ ಆಗಿ ಬಂದಿದೆ, ಇಲ್ಲಿ ಬೇಡ.

ಅಜ್ಜಿಯ ಮೊಮ್ಮಗ ಪಕ್ಕದಲ್ಲೇ ಫೋನ್ ನೋಡ್ತಾ ಕೂತಿದ್ದ. ಜಪಾನಿನ ಯಾವುದೋ ಹಳೇ ಬೀದಿಯ ತಿನಿಸಿನ ವಿಡಿಯೊ. ಗುಳಿಗಳಿರುವ ಕಾವಲಿಗೆ ಹಿಟ್ಟು ಹುಯ್ದು, ಕಡ್ಡಿಯಿಂದ ತಿರುಗಿಸಿ ತಿರುಗಿಸಿ ಉಂಡೆ ಮಾಡ್ತಿದ್ದರು. ಅಜ್ಜಿ ಬಗ್ಗಿ ನೋಡಿ, "ಇದೇನು, ನಮ್ಮ ಗುಂತಪೊಂಗಣಾಲು ಅಲ್ವಾ?" ಅಂದರು. ನಮ್ಮ ಕಡೆ ಪಡ್ಡು ಅಂತೀವಲ್ಲ, ಅದೇ. ಹುಡುಗ ಅದಕ್ಕೆ ತಕೋಯಾಕಿ ಅಂತ ಹೆಸರು, ಒಳಗೆ ಆಕ್ಟೋಪಸ್ ತುಂಡು ಹಾಕ್ತಾರೆ ಅಂದ. ಅಜ್ಜಿ ಮುಖ ಹಿಂಡಿದರು. ಅದು ಒಸಾಕಾ ಊರಿನಲ್ಲಿ 1935ರಲ್ಲಿ ಶುರುವಾದ ತಿನಿಸಂತೆ, ಆಮೇಲೆ ನಾನು ಓದಿದೆ. ಅಂದರೆ ನಮ್ಮ ಅಜ್ಜಿಯರ ವಯಸ್ಸಿನದು. ಮಾಡುವವನ ಕೈ ಎಷ್ಟು ಚುರುಕಾಗಿತ್ತು ಅಂದರೆ ನಾವು ಮೂವರೂ ಎರಡು ಸಲ ನೋಡಿದೆವು. ವಿಡಿಯೊದಲ್ಲಿ ಎಲ್ಲಾ ಇತ್ತು. ಬಣ್ಣದ ಲಾಟೀನು, ಹಬೆ, ಸಂಗೀತ. ಅವನ ಎಣ್ಣೆ ಯಾವುದು, ಗಾಡಿ ನಿಲ್ಲಿಸೋಕೆ ಯಾರನ್ನು ಕೇಳಬೇಕು, ಮನೆಗೆ ಎಷ್ಟು ಒಯ್ತಾನೆ, ಅದೊಂದೂ ಇರಲಿಲ್ಲ. ಚಳ್ಳಕೆರೆಗೂ ಹಾಗೆ ವಿಡಿಯೊ ಮಾಡುವವರು ಬರ್ತಾರೆ. ಮಿರ್ಚಿ ಕಚ್ಚಿ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿ ಹೋಗ್ತಾರೆ. ಅವರನ್ನು ಬೈಯೋಕೆ ನನಗೆ ಯೋಗ್ಯತೆ ಇಲ್ಲ ಬಿಡಿ. ಅವರಾದರೂ ಹತ್ತಿರ ಬಂದು ನಿಲ್ತಾರೆ. ನಾನು ರಸ್ತೆ ಆಚೆಯಿಂದ ಜೂಮ್ ಮಾಡಿದವನು.

ವಾಪಸ್ ಬರುವ ಬಸ್ಸಿನಲ್ಲಿ ಅಜ್ಜಿ ಹೇಳಿದ ಲೆಕ್ಕವೇ ತಲೆಯಲ್ಲಿ. ಒಂದು ಮಾತು ಕೇಳಿದ್ದಕ್ಕೆ ಅಜ್ಜಿ ಎಲ್ಲಾ ಹೇಳಿದ್ದರು. ಅಕ್ಕನೂ ಹೇಳುತ್ತಿದ್ದರು.

ಚಳ್ಳಕೆರೆಯಲ್ಲಿ ಇಳಿದವನು ಮನೆಗೆ ಹೋಗದೆ ಗಾಡಿ ಹತ್ತಿರ ಹೋದೆ. ಗಿರಾಕಿ ಕಡಿಮೆ ಆಗುವ ತನಕ ನಿಂತೆ. ಆಮೇಲೆ ಹೇಳಿದೆ. "ಅಕ್ಕ, ಆ ಫೋಟೋ ತೆಗೆದದ್ದು ನಾನೇ."

ಅಕ್ಕ ಜಾಲರಿ ಸೌಟು ಕೆಳಗಿಟ್ಟರು. ಸ್ಟವ್ ಸಣ್ಣ ಮಾಡಿದರು. ಬೈತಾರೆ ಅಂತ ಕಾದೆ.

"ನನಗೆ ಆವತ್ತೇ ಅನುಮಾನ ಬಂದಿತ್ತು," ಅಂದರು. "ಎರಡು ಮಿರ್ಚಿ ಪ್ಲೇಟಲ್ಲೇ ಬಿಟ್ಟು ಹೋಗಿದ್ದೆ. ನನ್ನ ಗಾಡೀಲಿ ಹಂಗೆ ಬಿಟ್ಟು ಹೋಗೋರು ಯಾರೂ ಇಲ್ಲ."

ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವರೇ ಶುರು ಮಾಡಿದರು. ಅವರ ಮಾತು ಪೂರ್ತಿ ಬರೆಯಬೇಕು, ನನಗೆ ಅನುಕೂಲ ಆಗುವಷ್ಟೇ ಅಲ್ಲ. "ಎಣ್ಣೆ ನಾನು ಎರಡನೇ ದಿನಾನೂ ಸುಡ್ತೀನಿ, ಸುಳ್ಳು ಹೇಳಲ್ಲ. ಉಳಿದದ್ದು ಸೋಸಿ, ಹೊಸದು ಸೇರಿಸಿ. ಮೂರನೇ ದಿನಕ್ಕೆ ಇಲ್ಲ, ಡಬ್ಬಿಗೆ. ದಿನಾ ಚೆಲ್ಲಿದ್ರೆ ನಾನು ಗಾಡಿ ಮಾರಬೇಕು. ನೀನು ಬರೆದಿದ್ರಾಗೆ ಅರ್ಧ ಖರೆ ಐತೆ. ಆದ್ರೆ ಆ ಡಬ್ಬಿ ಖರೆ ಅಲ್ಲ."

ಅವರು ಹೇಳಿದ್ದು ಸರಿ. ಕರಿದ ಎಣ್ಣೆ ಬಗ್ಗೆ ನಾನು ಬರೆದ ವಿಚಾರವನ್ನು ಇವತ್ತೂ ಹಿಂದಕ್ಕೆ ತಗೊಳ್ಳಲ್ಲ. ನೀವೂ ತಿನ್ನುವಾಗ ಬಾಣಲೆ ಕಡೆ ಒಂದು ಸಲ ನೋಡಿ. ಕಪ್ಪಾಗಿ ಹೊಗೆ ಏಳುತ್ತಿದ್ದರೆ ಬೇರೆ ಗಾಡಿಗೆ ಹೋಗಿ. ಹಿಂದಕ್ಕೆ ತಗೊಳ್ಳಬೇಕಾದದ್ದು ಫೋಟೋ. ಅದು ಕರಿಯುವ ಎಣ್ಣೆಯ ಫೋಟೋ ಅಲ್ಲ, ಚೆಲ್ಲುವ ಎಣ್ಣೆಯದು. ಎಣ್ಣೆಯನ್ನು ಮತ್ತೆ ಕರಿಯೋಕೆ ಬಳಸದೆ ಬೇರೆ ಕಡೆ ಕೊಡಿ ಅಂತ ಪ್ರಾಧಿಕಾರವೇ ಹೇಳುತ್ತದೆ. ಬಳಸಿದ ಎಣ್ಣೆಯಿಂದ ಬಯೋಡೀಸೆಲ್ ಮಾಡುವ ಯೋಜನೆಯನ್ನೂ 2018ರ ಆಗಸ್ಟಿನಲ್ಲೇ ಶುರು ಮಾಡಿತ್ತು. ಡಬ್ಬಿಗೆ ಸುರಿದು ಬೇರೆ ಇಟ್ಟಿದ್ದ ಅಕ್ಕ, ಊರಿನಲ್ಲಿ ಸರಿಯಾದ ಕೆಲಸ ಮಾಡುತ್ತಿದ್ದ ಕೆಲವೇ ಗಾಡಿಯವರಲ್ಲಿ ಒಬ್ಬರು. ನಾನು ಅವರದ್ದೇ ಫೋಟೋ ಹಾಕಿದೆ.

ಇನ್ನೊಂದು ತಪ್ಪೂ ಇದೆ. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಪ್ರಮಾಣಪತ್ರ ಇರುವವರನ್ನು ಎಬ್ಬಿಸಬೇಕಾದರೂ 30 ದಿನದ ನೋಟಿಸ್ ಕೊಡಬೇಕು. ಪೇಪರ್ ತೋರಿಸಿ ಗಾಡಿ ತೆಗೆಸುವ ಅಧಿಕಾರವನ್ನು ಆ ಕಾಯ್ದೆ ಅಂಗಡಿಯವರಿಗೆ ಕೊಟ್ಟಿಲ್ಲ. ನನಗೆ ಇದು ಗೊತ್ತಿತ್ತು, ಓದಿದ್ದೆ. ಅಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಕಾಯ್ದೆ ಬಗ್ಗೆ ಒಂದು ಸಾಲು ಬರೆಯಲಿಲ್ಲ. ಈಗ ಅವರ ಹತ್ತಿರ ಗುರುತಿನ ಚೀಟಿ ಇದೆ. 2020ರಲ್ಲಿ ಬಂದ ಸ್ವನಿಧಿ ಯೋಜನೆಯ 10,000 ರೂಪಾಯಿ ಸಾಲವೂ ಸಿಕ್ಕಿ, ತೀರಿಸಿಯೂ ಆಗಿದೆ. ಅದರಲ್ಲಿ ಬಂದದ್ದೇ ಈಗಿನ ಬಾಣಲೆ.

ಸ್ಪಷ್ಟನೆ ಹಾಕಿಸೋಣ ಅಂತ ಡೆಸ್ಕಿಗೆ ಫೋನ್ ಮಾಡಿದೆ. ಮೂರು ವರ್ಷದ ಹಿಂದಿನ ಫೋಟೋಗೆ ಈಗ ಸ್ಪಷ್ಟನೆನಾ ಅಂತ ನಕ್ಕರು. ನಾಲ್ಕು ಸಾಲು ಬರೆದು ಕಳಿಸಿದೆ. ಬರಲಿಲ್ಲ. ಅದಕ್ಕೆ ಇಲ್ಲಿ ಬರೀತಿದ್ದೀನಿ. ಪೇಪರ್ ಓದಿದಷ್ಟು ಜನ ಇದನ್ನು ಓದಲಿಕ್ಕಿಲ್ಲ. ಓದಿದ ನೀವು ಚಳ್ಳಕೆರೆಯವರಾಗಿದ್ದು ಆ ಫೋಟೋ ನೆನಪಿದ್ದರೆ, ಆ ಡಬ್ಬಿ ಸೆಂಟ್ರಿಂಗ್ ಹಲಗೆಗೆ ಅಂತ ನಾಲ್ಕು ಜನಕ್ಕೆ ಹೇಳಿ.

ಈಗ ಅಕ್ಕ ಪಾರ್ಸಲ್ಲಿಗೆ ಪೇಪರ್ ಬಳಸಲ್ಲ, ಅಡಿಕೆ ಹಾಳೆ ತಟ್ಟೆ. ಅಚ್ಚಿನ ಮಸಿ ಒಳ್ಳೇದಲ್ಲ ಅನ್ನೋ ಸರ್ಕಾರದ ಎಚ್ಚರಿಕೆ ಹೇಗೋ ಅವರಿಗೂ ತಿಳಿದಿತ್ತು. "ಪೇಪರ್ನಾಗೆ ತಿನ್ನೋದು ಕೊಡಬ್ಯಾಡ್ರಿ ಅಂತ ಪೇಪರ್ನಾಗೇ ಬಂದಿತ್ತಲ್ಲಪ್ಪ," ಅಂತ ನನ್ನನ್ನು ಕಾಡಿಸ್ತಾರೆ.

ಕಳೆದ ತಿಂಗಳು, ಹಿಂಗೆ ಒಂದು ಬರಹ ಬರೀತೀನಿ ಅಕ್ಕ ಅಂತ ಕೇಳಿದೆ. ಒಪ್ಪಿದರು. ಹೆಸರು ಬ್ಯಾಡ ಅಂದರು. ಒಂದು ಫೋಟೋ ಬೇಕಲ್ಲ ಅಂದೆ. ಅವರು ಯೋಚನೆ ಮಾಡಿ, "ನಾಳೆ ನಾಲ್ಕು ಗಂಟೆಗೆ ಬಾ. ಹೊಸ ಎಣ್ಣೆ ಸುರಿಯೋವಾಗ ತೆಗಿ. ಆವತ್ತು ತೆಗೆದಿದ್ದು ರಾತ್ರಿದು, ಇದು ಸಂಜೆದು" ಅಂದರು.

ನಾಲ್ಕಕ್ಕೆ ಮೊದಲೇ ಹೋಗಿ ನಿಂತೆ. ಹತ್ತಿರ, ಬಾಣಲೆ ಪಕ್ಕದಲ್ಲೇ. ಅಕ್ಕ ಪ್ಯಾಕೆಟಿನ ಮೂಲೆ ಕತ್ತರಿಸಿ ಎಣ್ಣೆ ಸುರಿದರು. ಬಿಸಿಲಿಗೆ ಜೇನಿನ ಥರ ಕಂಡಿತು. ಎರಡು ಫೋಟೋ ತೆಗೆದೆ. ಚೆನ್ನಾಗಿ ಬಂದಿದ್ದವು. ಫೋನ್ ಅವರ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು, ಫೋಟೋ ದೊಡ್ಡದು ಮಾಡಿ, ಮೂಲೆಯಿಂದ ಮೂಲೆಗೆ ನೋಡಿದರು.

"ಗಾಡಿ ಬಣ್ಣ ಕಾಣ್ತೈತೆ. ಅಳಿಸು."

ಅಳಿಸಿದೆ. ಅದಕ್ಕೇ ಈ ಬರಹದ ಜತೆ ಫೋಟೋ ಇಲ್ಲ.